ಮಗಳಿಗೆ ಸೀಲಿಯಾಕ್, ಗೋಧಿ ಪೂರ್ತಿ ಬಂದ್: ಅಡುಗೆಮನೆ, ಗಿರಣಿ, ಶಾಲೆಯ ಡಬ್ಬಿ ಎಲ್ಲಿಂದ ಶುರುಮಾಡಲಿ?

ಡೊಂಬಿವಲಿ_ಪೂರ್ವ

ಎಲ್ಲರಿಗೂ ನಮಸ್ಕಾರ. ಹನ್ನೊಂದು ವರ್ಷದ ಮಗಳಿಗೆ ಟಿಟಿಜಿ ಎಂಬ ಪ್ರತಿಕಾಯದ ರಕ್ತಪರೀಕ್ಷೆ, ಆಮೇಲೆ ಎಂಡೋಸ್ಕೋಪಿ ಮಾಡಿ ಬಯಾಪ್ಸಿ (ಕರುಳಿನ ಚೂರು ತೆಗೆದು ನೋಡುವುದು), ಎರಡೂ ಆಗಿ ಸೀಲಿಯಾಕ್, ಅಂದರೆ ಗೋಧಿಯ ಗ್ಲುಟೆನ್‌ನಿಂದ ಕರುಳು ಕೆಡುವ ಕಾಯಿಲೆ ಅಂತ ಖಚಿತವಾಗಿದೆ. ಗೋಧಿ, ಮೈದಾ, ರವೆ ಜನ್ಮಪೂರ್ತಿ ಮುಟ್ಟಬಾರದು ಎಂದಿದ್ದಾರೆ ಡಾಕ್ಟರು. ಅಲ್ಲಿಂದ ಮುಂದೆ ದಿನನಿತ್ಯ ಹೇಗೆ ನಡೆಸುವುದು ಅನ್ನುವುದು ತಿಳಿಯುತ್ತಿಲ್ಲ.

ಮನೆಯಲ್ಲಿ ಆರು ಜನ, ಅಡುಗೆಮನೆ ಚಿಕ್ಕದು, ದಿನವೂ ಚಪಾತಿ ಆಗಲೇಬೇಕು. ಅದೇ ತವಾ ಮೇಲೆ ಅವಳಿಗೆ ಜೋಳದ ರೊಟ್ಟಿ ಮಾಡಬಹುದಾ? ಜೋಳದ ಹಿಟ್ಟು ನಮ್ಮ ಬೀದಿಯ ಗಿರಣಿಯದು, ಅದು ಸರಿಯಾ? ನಾನು ಮಾಡಿದ ರೊಟ್ಟಿ ತಟ್ಟುವಾಗಲೇ ಹರಿಯುತ್ತದೆ. ಶಾಲೆಯ ಡಬ್ಬಿಗೆ ಏನು ಕಳಿಸಲಿ? ಅತ್ತೆಯವರು "ಎಂದಾದರೂ ಸ್ವಲ್ಪ ತಿಂದರೆ ಏನೂ ಆಗುವುದಿಲ್ಲ, ನಮ್ಮ ಕಡೆ ಇಂಥ ಕಾಯಿಲೆ ಕೇಳಿಯೇ ಇಲ್ಲ" ಎನ್ನುತ್ತಾರೆ. ತಿಳಿದವರು ಬಿಡಿಸಿ ಹೇಳಿ.

ಕೋಥರೂಡ್_ಪಥ್ಯ

ನಮಸ್ಕಾರ ಮೇಡಂ. ಅತ್ತೆಯವರ ಮಾತಿನಿಂದಲೇ ಶುರುಮಾಡುತ್ತೇನೆ, ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ. ಕೇಳಿಲ್ಲ ಎನ್ನುವುದು ನಿಜವೇ. ಈ ಕಾಯಿಲೆ ಉತ್ತರ ಭಾರತದಲ್ಲಿ ಹೆಚ್ಚು, ದಕ್ಷಿಣದಲ್ಲಿ ತುಂಬಾ ಕಡಿಮೆ. ಆದರೆ "ಸ್ವಲ್ಪ" ಅನ್ನುವುದಕ್ಕೆ ಲೆಕ್ಕ ಇದೆ. ಗೋಧಿ ಹಿಟ್ಟಿನ ತೂಕದಲ್ಲಿ ಹತ್ತಿರ ಹತ್ತಿರ ಹತ್ತರಲ್ಲೊಂದು ಪಾಲು ಗ್ಲುಟೆನ್, ಅಂದರೆ ಹಿಟ್ಟಿಗೆ ಜಿಗಿ ಕೊಡುವ ಪ್ರೋಟೀನ್. ಒಂದು ಚಪಾತಿಗೆ 30 ಗ್ರಾಂ ಹಿಟ್ಟು ಹಿಡಿದರೆ ಅದರಲ್ಲಿ ಸುಮಾರು 3 ಗ್ರಾಂ, ಅಂದರೆ 3000 ಮಿಲಿಗ್ರಾಂ. ಸೀಲಿಯಾಕ್ ಇದ್ದವರ ಹೊಟ್ಟೆಗೆ ದಿನಕ್ಕೆ 50 ಮಿಲಿಗ್ರಾಂ ಮೂರು ತಿಂಗಳು ಹೋದರೂ ಕರುಳಿನ ಒಳಪದರ ಮತ್ತೆ ಕೆಡುತ್ತದೆ ಎಂದು ಅಧ್ಯಯನದಲ್ಲಿ ಕಂಡಿದೆ. ದಿನಕ್ಕೆ 10 ಮಿಲಿಗ್ರಾಂ ಒಳಗಿದ್ದರೆ ಹೆಚ್ಚಿನವರು ತಡೆದುಕೊಳ್ಳುತ್ತಾರೆ. 50 ಮಿಲಿಗ್ರಾಂ ಗ್ಲುಟೆನ್ ಎಂದರೆ ಅರ್ಧ ಗ್ರಾಂ ಗೋಧಿ ಹಿಟ್ಟು, ಒಂದು ಚಿಟಿಕೆ. ತಿಂದ ದಿನ ಹೊಟ್ಟೆನೋವು ಬರಲಿಲ್ಲ ಎಂದರೆ ಒಳಗೆ ಏನೂ ಆಗಲಿಲ್ಲ ಎಂದಲ್ಲ. ಎಷ್ಟೋ ಮಕ್ಕಳಲ್ಲಿ ಹೊರಗೆ ಏನೂ ಕಾಣಿಸುವುದಿಲ್ಲ, ರಕ್ತ ಕಡಿಮೆಯಾಗುತ್ತದೆ, ಎತ್ತರ ನಿಲ್ಲುತ್ತದೆ.

ಈ ಚಿಟಿಕೆಯ ಲೆಕ್ಕ ಇಟ್ಟುಕೊಂಡೇ ಗಿರಣಿ ನೋಡಿ. ನಿಮ್ಮ ಮುಂದಿನವರು ಗೋಧಿ ಬೀಸಿಸಿ ಹೋದರು, ಅದೇ ಕಲ್ಲಿಗೆ ನಿಮ್ಮ ಜೋಳ ಬಿತ್ತು. ಕಲ್ಲಿನ ಸಂದಿ, ಹಿಟ್ಟು ಬೀಳುವ ಬಟ್ಟೆಯ ಚೀಲ, ಕೆಳಗಿನ ಡಬ್ಬ, ಎಲ್ಲಾ ಸೇರಿ ಒಂದು ಕಿಲೋ ಜೋಳಕ್ಕೆ ಬರೀ 5 ಗ್ರಾಂ ಗೋಧಿ ಹಿಟ್ಟು ಸೇರಿತು ಎಂದುಕೊಳ್ಳಿ. ಆ ಕಿಲೋದಲ್ಲಿ 500 ಮಿಲಿಗ್ರಾಂ ಗ್ಲುಟೆನ್ ಆಯಿತು. ಗ್ಲುಟೆನ್ ಫ್ರೀ ಎಂದು ಬರೆಯಲು ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಇಟ್ಟಿರುವ ಮಿತಿ ಕಿಲೋಗೆ 20 ಮಿಲಿಗ್ರಾಂ. ಅವಳು ಆ ಹಿಟ್ಟಿನ ಎರಡು ಮೂರು ರೊಟ್ಟಿ, ಒಟ್ಟು 100 ಗ್ರಾಂ ತಿಂದರೆ 50 ಮಿಲಿಗ್ರಾಂ ಅಲ್ಲೇ ಮುಗಿಯಿತು, ಗೋಧಿ ಮುಟ್ಟದೆಯೇ. "ಪಥ್ಯ ಸರಿಯಾಗೇ ಮಾಡ್ತಿದೀವಿ, ಟಿಟಿಜಿ ಇಳೀತಿಲ್ಲ" ಎನ್ನುವ ಮನೆಗಳಲ್ಲಿ ಮೊದಲು ವಿಚಾರಿಸಬೇಕಾದ್ದು ಇದನ್ನೇ. ಬೀದಿ ಗಿರಣಿ ಬೇಡ. "ಮೊದಲು ಸ್ವಲ್ಪ ಜೋಳ ಹಾಕಿ ಕಲ್ಲು ತೊಳೆದು ಕೊಡ್ತೀನಿ" ಎಂದರೂ ಬೇಡ.

ಸಾಧ್ಯವಿದ್ದರೆ ಒಂದು ಘರ್‌ಘಂಟಿ (ಮನೆಯಲ್ಲಿಡುವ ಸಣ್ಣ ಹಿಟ್ಟಿನ ಗಿರಣಿ) ತಗೊಳ್ಳಿ, ಮಹಾರಾಷ್ಟ್ರದಲ್ಲಿ ಎಲ್ಲಾ ಊರಲ್ಲೂ ಸಿಗುತ್ತದೆ. ಹೊಸದೇ ಆಗಿರಲಿ; ಗೋಧಿ ಬೀಸಿದ ಹಳೆಯದನ್ನು ಎಷ್ಟು ಒರೆಸಿದರೂ ಸಂದಿಯೊಳಗಿನದು ಹೋಗುವುದಿಲ್ಲ. ಬಂದ ದಿನದಿಂದ ಅದಕ್ಕೆ ಗೋಧಿ ತೋರಿಸಬೇಡಿ. ಅಷ್ಟು ಖರ್ಚು ಈಗ ಬೇಡ ಎಂದರೆ ಮಿಕ್ಸಿಗೆ ಒಂದು ಹೊಸ ಒಣ ಜಾರ್, ಒಂದು ಹೊಸ ಸಣ್ಣ ಕಣ್ಣಿನ ಜರಡಿ. ಒಂದು ಸಲಕ್ಕೆ 200 ಗ್ರಾಂಗಿಂತ ಹೆಚ್ಚು ಹಾಕಬೇಡಿ, ನಡುವೆ ನಿಲ್ಲಿಸಿ ನಿಲ್ಲಿಸಿ ತಿರುಗಿಸಿ. ಜಾರ್ ಬಿಸಿಯಾದರೆ ಹಿಟ್ಟು ಮುದ್ದೆ ಕಟ್ಟುತ್ತದೆ.

ಬೀಸುವ ಮೊದಲಿನ ಕೆಲಸ ಅಷ್ಟೇ ಮುಖ್ಯ. ಅಂಗಡಿಯ ಜೋಳ, ರಾಗಿ, ಸಜ್ಜೆಯಲ್ಲಿ ಗೋಧಿ ಕಾಳು ಬೆರೆತಿರುತ್ತದೆ: ಅದೇ ಗೋಣಿ, ಅದೇ ಅಳತೆ ಪಾತ್ರೆ. ತಟ್ಟೆಗೆ ಹರಡಿ ಆರಿಸಿ, ಎರಡು ನೀರಿನಲ್ಲಿ ತೊಳೆದು, ಬಟ್ಟೆ ಮೇಲೆ ಪೂರ್ತಿ ಒಣಗಿಸಿ. ಹಸಿ ಉಳಿದರೆ ಕಲ್ಲಿಗೆ ಮೆತ್ತಿಕೊಳ್ಳುತ್ತದೆ, ಹಿಟ್ಟಿಗೆ ಮುಗ್ಗಲು ವಾಸನೆ ಬರುತ್ತದೆ. ಮುಂಬೈ ಮಳೆಗಾಲದಲ್ಲಿ ಕಾಳು ಒಣಗುವುದೇ ಇಲ್ಲ, ಆದ್ದರಿಂದ ಮೇ ತಿಂಗಳಲ್ಲೇ ತೊಳೆದು ಬಿಸಿಲಿಗೆ ಹಾಕಿ ಕಾಳಾಗಿಯೇ ಡಬ್ಬಿಯಲ್ಲಿ ತುಂಬಿಡಿ, ಬೀಸುವುದು ಮಾತ್ರ ವಾರ ವಾರ. ಕಡಲೆಹಿಟ್ಟು, ಅಕ್ಕಿಹಿಟ್ಟು ಕೂಡ ಬಿಡಿಯಾಗಿ ತರಬೇಡಿ. ಬೇಳೆ, ಅಕ್ಕಿ ತಂದು ಮನೆಯಲ್ಲೇ ಮಾಡಿ, ಇಲ್ಲವೇ ಗ್ಲುಟೆನ್ ಫ್ರೀ ಎಂದು ಸ್ಪಷ್ಟವಾಗಿ ಬರೆದ ಪೊಟ್ಟಣ.

ಇನ್ನು ನಿಮ್ಮ ತವಾ. ಬೇರೆಯೇ ಬೇಕು. ಬೇರೆ ಮಾಡಬೇಕಾದವು: ತವಾ, ಲಟ್ಟಣಿಗೆ, ಮಣೆ, ಜರಡಿ, ಮರದ ಸೌಟು, ಗೀರು ಬಿದ್ದ ನಾನ್‌ಸ್ಟಿಕ್ ಪಾತ್ರೆ. ಇವುಗಳ ಸಂದಿಯಲ್ಲಿ ಹಿಟ್ಟು ಕೂತರೆ ಸೋಪಿಗೂ ಹೋಗುವುದಿಲ್ಲ. ಸ್ಟೀಲ್ ಪಾತ್ರೆ, ಕುಕ್ಕರ್, ಗಾಜು ಇವಕ್ಕೆ ಚೆನ್ನಾಗಿ ತೊಳೆದರೆ ಸಾಕು, ಮನೆಯ ಪಾತ್ರೆಯೆಲ್ಲ ಬದಲಿಸುವ ಅಗತ್ಯವಿಲ್ಲ. ಅವಳ ಸಾಮಾನಿಗೆ ಒಂದು ಕೆಂಪು ಟೇಪ್ ಸುತ್ತಿಬಿಡಿ, ಕೆಲಸದವರಿಗೂ ಗುರುತು ಸಿಗುತ್ತದೆ. ಹಾಗೇ ಪಾತ್ರೆ ಉಜ್ಜುವ ಸ್ಕ್ರಬ್ ಬೇರೆ ಇರಲಿ, ಚಪಾತಿ ಹಿಟ್ಟು ಅಂಟುವುದು ಅದಕ್ಕೇ ಹೆಚ್ಚು.

ಬೆಳಿಗ್ಗೆ ಮೊದಲು ಅವಳ ಅಡುಗೆ ಮುಗಿಸಿ ಮುಚ್ಚಿಟ್ಟು, ಆಮೇಲೆ ಚಪಾತಿಗೆ ಕೂರಿ. ಲಟ್ಟಿಸುವಾಗ ಉದುರಿಸುವ ಒಣಹಿಟ್ಟು ಗಾಳಿಯಲ್ಲಿ ಹಾರಿ ಪಕ್ಕದ ತೆರೆದ ಪಾತ್ರೆಗೆ ಬೀಳುತ್ತದೆ. ತುಪ್ಪ, ಬೆಣ್ಣೆ, ಜಾಮ್, ಚಟ್ನಿಪುಡಿಗೆ ಅವಳದೇ ಡಬ್ಬಿ. ಚಪಾತಿ ಮುರಿದ ಕೈಯಲ್ಲೇ ಎಲ್ಲರೂ ಚಮಚ ಹಿಡಿಯುತ್ತಾರೆ.

ಪಿಂಪ್ರಿ_ರೊಟ್ಟಿ

ಅಕ್ಕಾರ, ರೊಟ್ಟಿ ಹರಿಯೂದಕ್ಕ ಉತ್ತರ ನಾ ಹೇಳ್ತೀನಿ ನೋಡ್ರಿ. ಜ್ವಾಳಕ್ಕ ಗೋಧಿ ಜಿಗಿ ಇರಂಗಿಲ್ಲ. ಕುದಿಯೂ ನೀರು ಬಿದ್ದಾಗ ಹಿಟ್ಟು ಅರ್ಧಮರ್ಧ ಬೆಂದು ಅಂಟು ಬರ್ತದ, ಆ ಅಂಟೇ ರೊಟ್ಟೀನ ಹಿಡಿಯೂದು. ತಣ್ಣೀರಾಗ ಕಲಸಿದ್ರ ಹರದಾ ಹರೀತದ.

ಎರಡು ವಾಟಿ ಹಿಟ್ಟಿಗೆ ಒಂದೂವರಿ ವಾಟಿ ನೀರು, ಚೂರು ಉಪ್ಪು. ನೀರು ತಳಮಳ ಕುದಿಬೇಕು, ಬರೀ ಬಿಸಿ ಆದ್ರ ಸಾಲಂಗಿಲ್ಲ. ಪರಾತದಾಗ ಹಿಟ್ಟಿನ ನಡುವ ಕುಣಿ ಮಾಡಿ ಮುಕ್ಕಾಲು ನೀರು ಸುರಿದು, ಚಮಚದ ಹಿಂಬದಿಯಿಂದ ಕೂಡಿಸಿ, ಐದು ನಿಮಿಷ ಮುಚ್ಚಿಡ್ರಿ. ಉಳಿದ ನೀರು ಹಿಟ್ಟು ಕೇಳಿದಷ್ಟು ಹಾಕ್ಕೋತ ಹೋಗ್ರಿ, ಒಂದೊಂದು ಹಿಟ್ಟು ಒಂದೊಂದು ನಮೂನಿ ಕುಡೀತದ. ಎಲ್ಲಾ ಒಮ್ಮೆಲೇ ನಾದಿ ಇಡಬ್ಯಾಡ್ರಿ. ಒಂದು ರೊಟ್ಟಿಗೆ ಆಗೂವಷ್ಟು ತಗೊಂಡು, ಅಂಗೈ ಹಿಮ್ಮಡದಿಂದ ಪರಾತಕ್ಕ ಒತ್ತಿ ಒತ್ತಿ ಎರಡು ನಿಮಿಷ ನಾದ್ರಿ. ಉಂಡಿ ಕಟ್ಟಿ ಅಂಚು ನೋಡ್ರಿ: ಬಿರುಕು ಇದ್ರ ಇನ್ನಷ್ಟು ನಾದಬೇಕು, ಕೈ ಹಸಿ ಮಾಡ್ಕೊಂಡು. ಬಿರುಕು ಇಲ್ಲದ ಉಂಡಿ ತಟ್ಟಿದ್ರ ಹರಿಯಂಗಿಲ್ಲ. ಕೆಳಗ ಉದುರಸೂದು ಜ್ವಾಳದ ಹಿಟ್ಟೇ ಇರಲಿ. ಎಷ್ಟೋ ಮನ್ಯಾಗ ರೂಢಿ ಮ್ಯಾಲ ಕೈ ಗೋಧಿ ಹಿಟ್ಟಿಗೆ ಹೋಗ್ತದ, ಹುಷಾರು.

ಹಂಚು ಚಲೋ ಕಾಯ್ದಿರಬೇಕು. ರೊಟ್ಟಿ ಹಾಕಿದ ಕೂಡ್ಲೇ ಮ್ಯಾಲ ಒದ್ದಿ ಬಟ್ಟಿಯಿಂದ ನೀರು ಸವರ್ರಿ, ಒಣಹಿಟ್ಟೆಲ್ಲ ಹೋಗೂಹಂಗ. ಆ ನೀರು ಆರಿತು ಆರಿಲ್ಲ ಅನ್ನೂದರಾಗ ಹೊಳ್ಳಿಸಬೇಕು. ತಡ ಆದ್ರ ಮ್ಯಾಲ ಸೀಳ್ತದ, ಉಬ್ಬಂಗಿಲ್ಲ. ಎರಡನೇ ಬದಿ ಚುಕ್ಕಿ ಬಿದ್ದ ಮ್ಯಾಲ ಬೆಂಕಿ ಮ್ಯಾಲ ಹಿಡೀರಿ, ಇಲ್ಲಾ ಬಟ್ಟಿಯಿಂದ ಅಂಚು ಒತ್ರಿ.

ಇಷ್ಟೆಲ್ಲಾ ಮಾಡಿದ ಮ್ಯಾಲೂ ಹರಿದ್ರ ಹಿಟ್ಟು ಹಳೇದು ಅಂತ ತಿಳ್ಕೋರಿ. ಹದಿನೈದು ದಿನ ದಾಟಿದ ಹಿಟ್ಟಿಗೆ ಜಿಗಿ ಹೋಗಿರ್ತದ. ಸಜ್ಜಿ ಹಿಟ್ಟಂತೂ ಅದಕ್ಕೂ ಮೊದಲೇ ಕಹಿ ಆಗ್ತದ. ಸೊಲ್ಲಾಪುರದ ಮಾಲದಂಡಿ ಜ್ವಾಳ ಪುಣೆ, ಮುಂಬೈ ಎರಡೂ ಕಡೆ ಸಿಗ್ತದ, ಹಿಂಗಾರಿ ಜ್ವಾಳ, ರೊಟ್ಟಿಗೆ ಅದರಷ್ಟು ಚಲೋ ಬ್ಯಾರೆ ಇಲ್ಲ.

ಡಬ್ಬಿಗೆ ಜ್ವಾಳದ ರೊಟ್ಟಿ ಕೊಡಬ್ಯಾಡ್ರಿ, ಮಧ್ಯಾಹ್ನದಾಗ ಗಟ್ಟಿ ಆಗಿರ್ತದ, ಕೂಸು ತಿನ್ನಂಗಿಲ್ಲ. ಎರಡು ವಾಟಿ ಹಿಟ್ಟಿಗೆ ಎರಡು ಚಮಚ ಇಸಬ್‌ಗೋಲ್ ಕೂಡಿಸಿ, ಬಿಸಿನೀರಾಗ ಕಲಸಿ, ಹತ್ತು ನಿಮಿಷ ಬಿಟ್ಟು ಲಟ್ಟಿಸಿದ್ರ ಮೆತ್ತಗ ಮಡಚೂಹಂಗ ಇರ್ತದ. ಇಲ್ಲಾ ಥಾಲಿಪೀಠ ಮಾಡ್ರಿ. ಅದಕ್ಕ ಬೇಕಾಗೂ ಹುರಿದು ಬೀಸಿದ ಮಿಶ್ರ ಹಿಟ್ಟು, ಅಂದ್ರ ಭಾಜಣಿ, ಅಂಗಡಿಯದು ಮಾತ್ರ ತರಬ್ಯಾಡ್ರಿ, ಅದರಾಗ ಬಹಳಷ್ಟು ಸಲ ಗೋಧಿ ಇರ್ತದ. ಮನ್ಯಾಗ ಮಾಡೂದು ಹಿಂಗ: ಜ್ವಾಳ ಅರ್ಧ ಕಿಲೋ, ಸಜ್ಜಿ ಕಾಲು ಕಿಲೋ, ಅಕ್ಕಿ ಕಾಲು ಕಿಲೋ, ಕಡ್ಲಿಬ್ಯಾಳಿ ಕಾಲು ಕಿಲೋ, ಉದ್ದಿನಬ್ಯಾಳಿ 125 ಗ್ರಾಂ, ಹವೀಜ (ಕೊತ್ತಂಬರಿ ಬೀಜ) 50 ಗ್ರಾಂ, ಜೀರಿಗಿ ಎರಡು ಚಮಚ. ಬ್ಯಾರೆ ಬ್ಯಾರೆ ಹುರೀರಿ, ಪೂರ್ತಿ ಆರಿದ ಮ್ಯಾಲ ಬೀಸ್ರಿ. ಉಳ್ಳಾಗಡ್ಡಿ, ಕೊತ್ತಂಬರಿ ಹಾಕಿ ಕಲಸಿ ತಟ್ಟಿ, ನಡುವ ತೂತು ಮಾಡಿ ಎಣ್ಣಿ ಬಿಟ್ಟು ಮುಚ್ಚಿ ಬೇಯಿಸ್ರಿ.

ಅಂಧೇರಿ_ಲೇಬಲ್

ಹಿಂಗಿನ ಬಗ್ಗೆ ಯಾರೂ ಹೇಳಿಲ್ಲ. ಶುದ್ಧ ಹಿಂಗು ತೀರ ಘಾಟು, ಆದ್ದರಿಂದ ಅಂಗಡಿಯಲ್ಲಿ ಸಿಗುವ ಡಬ್ಬಿ ಹಿಂಗು ಅಂದರೆ ಅಂಟು ಮತ್ತು ಹಿಟ್ಟು ಬೆರೆಸಿದ್ದು, ಆ ಹಿಟ್ಟು ಬಹುಪಾಲು ಗೋಧಿ ಅಥವಾ ಮೈದಾ. ಡಬ್ಬಿಯ ಹಿಂಭಾಗದಲ್ಲಿ ಬರೆದಿರುತ್ತದೆ. ಅಕ್ಕಿ ಹಿಟ್ಟು ಬೆರೆಸಿದ್ದು ಸಿಗುತ್ತದೆ, ಅದನ್ನೇ ಇಡೀ ಮನೆಗೆ ತನ್ನಿ. ಮನೆಯ ಒಗ್ಗರಣೆಗೆ ಸರಿಮಾಡಿದರೆ ಸಾಲದು: ಸಾಂಬಾರ್ ಪುಡಿ, ಬಿಸಿಬೇಳೆಭಾತ್ ಪುಡಿ, ಉಪ್ಪಿನಕಾಯಿ, ಹಪ್ಪಳ, ಇವೆಲ್ಲದರಲ್ಲಿ ಹಿಂಗು ಇರುತ್ತದೆ. ಊರಿಂದ ಬರುವ ಪುಡಿಗೆ ಯಾವ ಹಿಂಗು ಹಾಕಿದ್ದಾರೆ ಎಂದು ಫೋನ್ ಮಾಡಿ ಕೇಳಿ.

ಲೇಬಲ್ ಓದುವಾಗ ಗೋಧಿಯ ಜೊತೆ ಬಾರ್ಲಿಯನ್ನೂ ಹುಡುಕಿ. ಮಾಲ್ಟ್ ಎಂದರೆ ಬಾರ್ಲಿ ಎಂದೇ ಹಿಡಿಯಿರಿ. ಹಾರ್ಲಿಕ್ಸ್, ಬೋರ್ನ್‌ವಿಟಾ ಥರದ ಪುಡಿಗಳು ಬೇಡ. ಕಾರ್ನ್‌ಫ್ಲೇಕ್ಸ್ ಮೆಕ್ಕೆಜೋಳದ್ದೇ ಆದರೂ ರುಚಿಗೆ ಮಾಲ್ಟ್ ಹಾಕಿರುವುದು ಸಾಮಾನ್ಯ. ಸೋಯಾ ಸಾಸ್‌ಗೆ ಗೋಧಿ ಬಳಸುತ್ತಾರೆ. ಮಾತ್ರೆ, ಸಿರಪ್ ಬರೆಸುವಾಗ ಕಾಯಿಲೆಯ ಹೆಸರು ಡಾಕ್ಟರಿಗೂ ಔಷಧಿ ಅಂಗಡಿಯವರಿಗೂ ಹೇಳಿ.

ಡೊಂಬಿವಲಿ_ಪೂರ್ವ

ತುಂಬಾ ಉಪಕಾರವಾಯಿತು. ಹಿಂಗಿನ ಡಬ್ಬಿ ನೋಡಿದೆ, ಮೈದಾ ಅಂತಲೇ ಬರೆದಿದೆ. ಇನ್ನೂ ಕೆಲವು ಸಂಶಯ: ಓಟ್ಸ್ ಕೊಡಬಹುದಾ? ಹಾಲು ಕುಡಿದರೆ ಅವಳಿಗೆ ಹೊಟ್ಟೆ ಉಬ್ಬರಿಸುತ್ತದೆ, ಅದಕ್ಕೂ ಇದಕ್ಕೂ ಸಂಬಂಧ ಇದೆಯಾ? ಏಳು ವರ್ಷದ ಮಗನೂ ಇದ್ದಾನೆ. ಇಷ್ಟೆಲ್ಲಾ ರಗಳೆ ಬೇಡ, ಮನೆಯಲ್ಲಿ ಎಲ್ಲರೂ ಗೋಧಿ ಬಿಟ್ಟುಬಿಡೋಣ ಎಂದು ಯಜಮಾನರು ಹೇಳುತ್ತಿದ್ದಾರೆ. ದೀಪಾವಳಿ ರಜೆಗೆ ಗೋವಾಕ್ಕೆ ಹೋಗುವುದೂ ಇದೆ.

ಕೋಥರೂಡ್_ಪಥ್ಯ

ಮನೆಯೆಲ್ಲಾ ಬಿಡುವ ಯೋಚನೆ ಒಳ್ಳೆಯದೇ, ಆದರೆ ದಯವಿಟ್ಟು ಮಗನ ಪರೀಕ್ಷೆ ಆಗುವವರೆಗೆ ಅವನಿಗೆ ಚಪಾತಿ ನಿಲ್ಲಿಸಬೇಡಿ. ಒಡಹುಟ್ಟಿದವರಿಗೆ, ತಂದೆತಾಯಿಗೆ ಈ ಕಾಯಿಲೆ ಇರುವ ಸಾಧ್ಯತೆ ಬೇರೆಯವರಿಗಿಂತ ಹೆಚ್ಚು, ಲಕ್ಷಣ ಇಲ್ಲದಿದ್ದರೂ. ಟಿಟಿಜಿ ಪರೀಕ್ಷೆ ಹಿಡಿಯುವುದು ಈ ಕಾಯಿಲೆಯವರು ಗ್ಲುಟೆನ್ ತಿಂದಾಗ ದೇಹ ತನ್ನದೇ ಒಂದು ಕಿಣ್ವದ ವಿರುದ್ಧ ತಯಾರಿಸುವ ಪ್ರತಿಕಾಯವನ್ನು. ಕೆಲವು ತಿಂಗಳು ಗೋಧಿ ಬಿಟ್ಟರೆ ಅದು ಇಳಿದು, ಕಾಯಿಲೆ ಇದ್ದರೂ ಇಲ್ಲ ಎಂಬ ವರದಿ ಬರುತ್ತದೆ. ಆಮೇಲೆ ಖಚಿತ ಮಾಡಲು ಮತ್ತೆ ವಾರಗಟ್ಟಲೆ ಗೋಧಿ ತಿನ್ನಿಸಬೇಕಾಗುತ್ತದೆ. ಮಗ, ನೀವು, ಯಜಮಾನರು ಮೂವರೂ ಟಿಟಿಜಿ ಐಜಿಎ ಜೊತೆಗೆ ಒಟ್ಟು ಐಜಿಎ ಕೂಡ ಮಾಡಿಸಿ. ಐಜಿಎ ಎಂದರೆ ಪ್ರತಿಕಾಯದ ಒಂದು ಬಗೆ; ಅದೇ ಕಡಿಮೆ ಇದ್ದವರಲ್ಲಿ ಮೊದಲನೆಯ ಪರೀಕ್ಷೆ ಕಾಯಿಲೆ ಇದ್ದರೂ ಇಲ್ಲ ಎನ್ನಬಹುದು. ಮಗನದು ಈಗ ಸರಿ ಬಂದರೂ ಮುಂದೆ ಯಾವಾಗ ಮತ್ತೆ ಮಾಡಿಸಬೇಕು ಎಂದು ಡಾಕ್ಟರನ್ನು ಕೇಳಿಟ್ಟುಕೊಳ್ಳಿ, ಒಂದು ಸಲಕ್ಕೆ ಮುಗಿಯುವುದಲ್ಲ.

ಹಾಲಿನ ತೊಂದರೆಗೆ ಸಂಬಂಧ ಇದೆ. ಹಾಲಿನ ಸಕ್ಕರೆ ಅರಗಿಸುವ ಕಿಣ್ವ ಇರುವುದು ಕರುಳಿನ ಒಳಪದರದ ತುದಿಯಲ್ಲಿ, ಈಗ ಕೆಟ್ಟಿರುವುದು ಅದೇ ಪದರ. ಪದರ ಬೆಳೆದಂತೆ ಹೆಚ್ಚಿನ ಮಕ್ಕಳಿಗೆ ಹಾಲು ಮತ್ತೆ ಹಿಡಿಯುತ್ತದೆ. ಅಲ್ಲಿಯವರೆಗೆ ಮೊಸರು, ಮಜ್ಜಿಗೆ ಸ್ವಲ್ಪ ಸ್ವಲ್ಪ ಕೊಟ್ಟು ನೋಡಿ, ಕ್ಯಾಲ್ಸಿಯಂಗೆ ರಾಗಿ: 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂ ಮೀರಿ ಇದೆ. ಅಂಬಲಿ, ದೋಸೆ, ಮುದ್ದೆ ಯಾವುದಾದರೂ ಸರಿ.

ಓಟ್ಸ್ ಈಗ ಬೇಡ. ಸಾಧಾರಣ ಪೊಟ್ಟಣದ ಓಟ್ಸ್‌ಗೆ ಹೊಲದಿಂದ ಹಿಡಿದು ಕಾರ್ಖಾನೆಯವರೆಗೆ ಗೋಧಿ, ಬಾರ್ಲಿ ಬೆರೆಯುತ್ತದೆ. ಗ್ಲುಟೆನ್ ಫ್ರೀ ಎಂದು ಬರೆದ ಓಟ್ಸ್ ಕೂಡ ಕೆಲವರಿಗೆ ಆಗುವುದಿಲ್ಲ. ಟಿಟಿಜಿ ಇಳಿದ ಮೇಲೆ ಡಾಕ್ಟರನ್ನು ಕೇಳಿ ಶುರುಮಾಡಿ, ಆಗ ಏನಾದರೂ ಆದರೆ ಕಾರಣ ಗೊತ್ತಾಗುತ್ತದೆ.

ಮುಂದಿನ ಟಿಟಿಜಿ ಸಾಮಾನ್ಯವಾಗಿ ಮೂರರಿಂದ ಆರು ತಿಂಗಳಿಗೆ. ಒಂದೇ ಸಲಕ್ಕೆ ಮಾಮೂಲಿಗೆ ಬರದಿದ್ದರೆ ಗಾಬರಿ ಬೇಡ, ಶುರುವಿನಲ್ಲಿ ತುಂಬಾ ಏರಿದ್ದರೆ ಒಂದು ವರ್ಷ ಮೀರಿಯೂ ಹಿಡಿಯುತ್ತದೆ, ಇಳಿಯುತ್ತಾ ಇರಬೇಕು ಅಷ್ಟೇ. ಜೊತೆಗೆ ಹಿಮೋಗ್ಲೋಬಿನ್, ಫೆರಿಟಿನ್ (ದೇಹದ ಕಬ್ಬಿಣದ ಸಂಗ್ರಹ), ವಿಟಮಿನ್ ಡಿ, ಬಿ12, ಫೋಲಿಕ್ ಆಮ್ಲ, ಎತ್ತರ ಮತ್ತು ತೂಕ. ಗ್ಲುಟೆನ್ ಫ್ರೀ ಬಿಸ್ಕತ್ತು, ಬ್ರೆಡ್ ಮೇಲೆ ದಿನ ದೂಡಬೇಡಿ; ಅವು ಬಹುಪಾಲು ಬರೀ ಪಿಷ್ಟ, ಸಕ್ಕರೆ. ನಾರು ಕಡಿಮೆಯಾಗಿ ಮಲಬದ್ಧತೆ ಆಗುತ್ತದೆ.

ಮಡಗಾಂವ್_ಮೀನು

ಗೋವಾದಲ್ಲಿ ಅನ್ನ, ಮೀನು, ತೆಂಗಿನಕಾಯಿ ಇರುವುದರಿಂದ ಊಟಕ್ಕೆ ಕಷ್ಟವಿಲ್ಲ, ಅಪಾಯ ಇರುವುದು ಹುರಿದ ಮೀನಿನಲ್ಲಿ. ಇಲ್ಲಿ ಹೋಟೆಲಿನಲ್ಲಿ ಫ್ರೈ ಅಂದರೆ ರವೆ ಹಚ್ಚಿದ್ದು ಎಂದೇ ಲೆಕ್ಕ. ರವೆ ಬೇಡ, ಅಕ್ಕಿ ಹಿಟ್ಟು ಹಚ್ಚಿ ಎಂದರೆ ಹಚ್ಚುತ್ತಾರೆ, ಆದರೆ ಅದೇ ತವಾ, ಅದೇ ಎಣ್ಣೆ, ಎಣ್ಣೆ ತುಂಬಾ ಹಿಂದಿನ ಮೀನಿನ ರವೆ. ಬೇರೆ ಬಾಣಲೆಯಲ್ಲಿ ಮಾಡಿಕೊಡುತ್ತೀರಾ ಎಂದು ಕೇಳಿ, ಇಲ್ಲ ಎಂದರೆ ಸಾರು ಅನ್ನವೇ ಇರಲಿ. ತೆಂಗಿನಕಾಯಿ, ಕೋಕಂ ಅಥವಾ ಹುಣಸೆ ಹಾಕಿದ ಮೀನಿನ ಸಾರಿಗೆ ಹಿಟ್ಟು ಬೀಳುವುದಿಲ್ಲ. ಸೋಲ್‌ಕಢಿಗೆ (ಕೋಕಂ, ತೆಂಗಿನ ಹಾಲಿನ ಪಾನೀಯ) ಹಿಂಗು ಹಾಕಿದ್ದಾರಾ ಎಂದು ಮಾತ್ರ ಕೇಳಿ. ಇಡ್ಲಿಯಂಥ ಸನ್ನಾಂ ಅಕ್ಕಿಯದು. ಪಾವ್, ಪೊಯ್ ಎರಡೂ ಗೋಧಿಯ ಬ್ರೆಡ್, ಬೆಬಿಂಕ ಎಂಬ ಸಿಹಿಯಲ್ಲಿ ಮೈದಾ. ದೋದೋಲ್ ಎಂಬ ಸಿಹಿ ಅಕ್ಕಿಹಿಟ್ಟು, ಬೆಲ್ಲ, ತೆಂಗಿನ ಹಾಲಿನದು, ಆದರೂ ಅಂಗಡಿಯಲ್ಲಿ ಏನು ಬೆರೆಸಿದ್ದಾರೆ ಎಂದು ಕೇಳಿಯೇ ಕೊಳ್ಳಿ. ದೀಪಾವಳಿಗೆ ಬರುತ್ತೀರಿ ಎಂದಿದ್ದೀರಿ: ಆ ಹೊತ್ತಿಗೆ ಇಲ್ಲಿ ಮನೆಮನೆಯಲ್ಲಿ ಅವಲಕ್ಕಿಯ ಹಲವು ಬಗೆ ಮಾಡುತ್ತಾರೆ, ಅವಳಿಗೆ ಹೇಳಿ ಮಾಡಿಸಿದ ಹಬ್ಬ. ಒಗ್ಗರಣೆಯ ಹಿಂಗು ಒಂದನ್ನು ವಿಚಾರಿಸಿ.

ಹೋಟೆಲಿನಲ್ಲಿ ಗ್ಲುಟೆನ್ ಅನ್ನುವ ಶಬ್ದ ಬಳಸಬೇಡಿ, ಸಕ್ಕರೆ ಅಥವಾ ಎಣ್ಣೆ ಅಂದುಕೊಂಡು ಹೂಂ ಎನ್ನುತ್ತಾರೆ. ಪದಾರ್ಥದ ಹೆಸರೇ ಹೇಳಿ: "ಗಹೂ, ಮೈದಾ, ರವಾ, ಬ್ರೆಡ್ ಅಜಿಬಾತ್ ಚಾಲತ್ ನಾಹೀ" (ಮರಾಠಿಯಲ್ಲಿ: ಗೋಧಿ, ಮೈದಾ, ರವೆ, ಬ್ರೆಡ್ ಸ್ವಲ್ಪವೂ ಆಗುವುದಿಲ್ಲ).

ಮಾಟುಂಗಾ_ತಿಂಡಿ

ಮುಂಬೈಯ ಉಡುಪಿ ಹೋಟೆಲಿಗೆ ಹೋದರೆ ಇಡ್ಲಿ ಮತ್ತು ಕಾಯಿ ಚಟ್ನಿ, ಚಟ್ನಿಗೆ ಒಗ್ಗರಣೆ ಹಾಕದೆ. ಸಾಂಬಾರ್ ಬೇಡ, ಹಿಂಗಿನದೇ ಕಾರಣ. ದೋಸೆ ಅಕ್ಕಿಯದೇ ಆದರೂ ಕೆಲವು ಕಡೆ ಗರಿಗರಿಯಾಗಲೆಂದು ಹಿಟ್ಟಿಗೆ ಮೈದಾ ಅಥವಾ ರವೆ ಸೇರಿಸುತ್ತಾರೆ, ರವಾ ದೋಸೆಯೂ ಅದೇ ಕಲ್ಲಿನ ಮೇಲೆ. ಬನ್ಸ್, ಗೋಳಿಬಜೆ ಮೈದಾ. ಸಾಬೂದಾಣೆ ವಡೆ ಉಪವಾಸದ್ದು ಎಂದು ನಂಬಿ ಕೊಡಬೇಡಿ, ಸಮೋಸ ಕರಿದ ಬಾಣಲೆಯಲ್ಲೇ ಅದನ್ನೂ ಕರಿಯುತ್ತಾರೆ. ಪಾವ್‌ಭಾಜಿ ಪಾವ್ ಬಿಟ್ಟು ತಿಂದರೂ ಆಗುವುದಿಲ್ಲ: ಪಾವ್ ಸುಡುವುದು, ಭಾಜಿ ಮಾಡುವುದು ಒಂದೇ ತವಾ.

ಡಬ್ಬಿಗೆ: ಒಗ್ಗರಣೆ ಅವಲಕ್ಕಿ, ಚಿತ್ರಾನ್ನ, ನೀರು ದೋಸೆ, ಪಡ್ಡು, ಒತ್ತು ಶಾವಿಗೆ, ಸಾಬೂದಾಣೆ ಖಿಚಡಿ, ವರಿ ಅಕ್ಕಿ ಎಂಬ ಸಿರಿಧಾನ್ಯದ ಉಪ್ಪಿಟ್ಟು. ಜೊತೆಗೆ ರಾಜಗಿರಾ ಲಾಡು ಅಥವಾ ಶೇಂಗಾ ಚಿಕ್ಕಿ. ಮಕ್ಕಳು ಡಬ್ಬಿ ಬದಲಾಯಿಸಿಕೊಳ್ಳುವುದು ಇದ್ದದ್ದೇ, ಆದ್ದರಿಂದ ಕ್ಲಾಸ್ ಟೀಚರ್‌ಗೆ ಒಂದು ಚೀಟಿ ಬರೆದುಕೊಡಿ. ಹುಟ್ಟುಹಬ್ಬದ ಕೇಕ್ ಬರುವ ದಿನಕ್ಕೆಂದು ಟೀಚರ್ ಹತ್ತಿರ ಅವಳ ಚಿಕ್ಕಿಯ ಪೊಟ್ಟಣ ಇಟ್ಟಿರಿ, ಅವಳೊಬ್ಬಳೇ ಕೈಕಟ್ಟಿ ಕೂರುವಂತಾಗಬಾರದು.

ಸತ್ಯನಾರಾಯಣ ಪೂಜೆಯ ಪ್ರಸಾದ ಗೋಧಿ ರವೆಯದು, ಬೇಡ ಎನ್ನಲು ಹಿರಿಯರಿಗೆ ಮನಸ್ಸು ಬರುವುದಿಲ್ಲ. ನಿಮ್ಮ ಮನೆಯ ಪೂಜೆಗೆ ಅಕ್ಕಿ ರವೆಯಲ್ಲಿ ಮಾಡಬಹುದಾ ಎಂದು ಪುರೋಹಿತರನ್ನು ಮೊದಲೇ ಕೇಳಿ. ಬೇರೆಯವರ ಮನೆಯಲ್ಲಾದರೆ ಬಾಳೆಹಣ್ಣು, ತೆಂಗಿನಕಾಯಿ ಚೂರು ಕೊಡಿ, ಅದೂ ಪ್ರಸಾದವೇ. ಗಣಪತಿಗೆ ಉಕಡೀಚೆ (ಹಬೆಯಲ್ಲಿ ಬೇಯಿಸಿದ) ಮೋದಕ ಅಕ್ಕಿಹಿಟ್ಟಿನದು, ಕರಿದ ಮೋದಕ ಗೋಧಿ ಅಥವಾ ಮೈದಾದ್ದು, ನೋಡಿ ತೆಗೆದುಕೊಳ್ಳಿ.

ಪಿಂಪ್ರಿ_ರೊಟ್ಟಿ

ಒಂದು ಮಾತು ಉಳಿದಿತ್ತು. ಪ್ರವಾಸಕ್ಕ ಖಡಕ್ ರೊಟ್ಟಿ ಮಾಡಿಟ್ಕೋರಿ. ತೆಳ್ಳಗ ತಟ್ಟಿ, ಬೇಯಿಸಿ, ಸಣ್ಣ ಉರಿ ಮ್ಯಾಲ ಹಪ್ಪಳದಂಗ ಆಗೂತನಕ ಒಣಗಿಸಿ, ಆರಿದ ಮ್ಯಾಲ ಡಬ್ಬಿಗೆ ಹಾಕ್ರಿ. ಹಸಿ ತಾಗಲಿಲ್ಲಂದ್ರ ತಿಂಗಳಗಟ್ಟಲೆ ಇರ್ತಾವ. ಅಂಗಡಿಯಾಗ ಕೊಳ್ಳೂದಿದ್ರ, ಮಾಡೂವರ ಹತ್ರ ಚಪಾತೀನೂ ಆಗ್ತಾವೇನು, ಹಿಟ್ಟಿಗೆ ಗೋಧಿ ಕೂಡಸ್ತಾರೇನು, ಎರಡೂ ಕೇಳ್ರಿ. ಶೇಂಗಾ ಚಟ್ನಿ, ಗಟ್ಟಿ ಮೊಸರು ಜೋಡಿ ಇದ್ರ ರೈಲಿನಾಗ ಕೂಸಿನ ಊಟಕ್ಕ ಯಾರನ್ನೂ ಕೇಳೂ ಪ್ರಸಂಗ ಬರಂಗಿಲ್ಲ.